ಬಿಡಾರದ ಅಡಿಗೆ

ಹೋದ ತಿಂಗಳು ಇದೇ ಪುಟದಲ್ಲಿ, ಮಳೆಗಾಲಕ್ಕೆ ಮುಂಚಿತವಾಗಿ ಬೇಳೆಕಾಳುಗಳನ್ನು ಒಣಗಿಸಿ ಕಾಪಾಡುವ ಕ್ರಮವನ್ನು ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆವು. ಅದನ್ನೋದಿದ ಸಹೋದರಿಯೊಬ್ಬರು ನಮಗೊಂದು ಕಾಗದವನ್ನು ಬರೆದು, ಉಗ್ರಾಣದ ವಿಚಾರವು ಹಾಗಿರಲಿ, ಮನೆಯನ್ನೇ ಬಿಟ್ಟು ಹೋಗಬೇಕಾದವರ ಗತಿಯೇನೆಂದು ಕೇಳಿರುವರು. ಅವರ ಅತ್ತೆಯವರಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸುಮಾರು ಒಂದು ತಿಂಗಳ ಚಿಕಿತ್ಸೆಯಾಗಬೇಕಂತೆ. ಮಕ್ಕಳ ಪರೀಕ್ಷೆಗಳು ಹತ್ತಿರವಾಗಿರುವುದರಿಂದ ತಾವು ಜತೆಯಲ್ಲಿ ಹೋಗುವಂತಿಲ್ಲ. ಯಜಮಾನರೊಬ್ಬರೇ ಆಸ್ಪತ್ರೆಯ ಸಮೀಪದಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಇರಬೇಕು. ಅವರಿಗೋ ಹಾಲು ಕಾಯಿಸುವುದರ ಹೊರತು ಒಲೆಯ ಮುಂದಿನ ಕೆಲಸವೊಂದೂ ತಿಳಿಯದು. ಮಧ್ಯಾಹ್ನದ ಊಟವೊಂದನ್ನಾದರೂ ಅವರು ತಾವೇ ಮಾಡಿಕೊಳ್ಳುವ ಹಾಗೆ ಏನಾದರೂ ಬರೆಯುವಿರಾ ಎಂಬುದು ಅವರ ಕೋರಿಕೆ.

ಪೂರ್ವದಲ್ಲಿ ಮನೆ ಬಿಟ್ಟು ಬಿಡಾರ ಮಾಡುವವರೆಂದರೆ ಯಾತ್ರಿಕರು, ವರ್ಗವಾದ ನೌಕರರು, ವಿದ್ಯಾರ್ಥಿಗಳು, ಇಷ್ಟೇ ಮಂದಿ. ಯಾತ್ರಿಕನಿಗೆ ಛತ್ರವಿತ್ತು, ಬಡ ವಿದ್ಯಾರ್ಥಿಗೆ ವಾರಾನ್ನವಿತ್ತು. ನಾವು ಮೈಸೂರಿನಲ್ಲಿ ಸಂಸ್ಕೃತ ವ್ಯಾಸಂಗ ಮಾಡುತ್ತಿದ್ದ 1980ರ ದಶಕದ ವೇಳೆಗೆ ವಾರಾನ್ನದ ಪದ್ಧತಿಯು ಬಹುಮಟ್ಟಿಗೆ ಅಡಗಿಹೋಗಿತ್ತಾದುದರಿಂದ, ಮೂವರು ಸಹಪಾಠಿಗಳು ಸೇರಿ ವಠಾರದ ಕೋಣೆಯೊಂದರಲ್ಲಿ ಸೀಮೆಎಣ್ಣೆಯ ಬತ್ತಿ ಸ್ಟೌವನ್ನಿಟ್ಟುಕೊಂಡು ಸ್ವಯಂಪಾಕ ಮಾಡಿಕೊಳ್ಳುತ್ತಿದ್ದೆವು. ಅನ್ನಕ್ಕೆ ಸೀಮೆಎಣ್ಣೆಯ ವಾಸನೆ ಹತ್ತದ ದಿನ ನಮಗೆ ಹಬ್ಬ. ಈಗಲಾದರೋ ದೊಡ್ಡ ಪಟ್ಟಣಗಳಲ್ಲಿ ಬಿಡಾರ ಹೂಡುವವರಲ್ಲಿ ರೋಗಿಗಳ ಜತೆಗೆ ಬಂದವರ ಸಂಖ್ಯೆಯೇ ಬಹಳ. ಕಿದ್ವಾಯಿ, ನಿಮ್ಹಾನ್ಸ್, ಜಯದೇವ ಮೊದಲಾದ ಬೆಂಗಳೂರಿನ ಆಸ್ಪತ್ರೆಗಳಿಗೆ ರಾಜ್ಯದ ಮೂಲೆಮೂಲೆಗಳಿಂದಲೂ, ನೆರೆಯ ರಾಜ್ಯಗಳಿಂದಲೂ ಜನ ಬರುವರು. ಬಂದವರು ವಾರಗಟ್ಟಲೆ ನಿಲ್ಲುವರು.

ಎರಡು ವರ್ಷಗಳ ಹಿಂದೆ ನಮ್ಮ ಅಕ್ಕನವರ ಚಿಕಿತ್ಸೆಗಾಗಿ ನಾವೂ 26 ದಿವಸಗಳ ಕಾಲ ಇಂತಹ ಕೋಣೆಯೊಂದರಲ್ಲಿದ್ದೆವು. ಅಲ್ಲಿ ಕಂಡದ್ದನ್ನು ಹೇಳುವೆವು. ರೋಗಿಯ ಊಟದ ವಿಚಾರವನ್ನು ಆಸ್ಪತ್ರೆಯವರು ನೋಡಿಕೊಳ್ಳುವರು. ಏನನ್ನು ಕೊಡಬೇಕು, ಏನನ್ನು ಕೊಡಕೂಡದು ಎಂದು ಹೇಳುವವರಿರುವರು. ಆದರೆ ಜತೆಗೆ ಬಂದವನು ಉಂಡನೆ ಎಂದು ಕೇಳುವವರಿಲ್ಲ. ಅವನು ಬೆಳಿಗ್ಗೆ ರಕ್ತಪರೀಕ್ಷೆಯ ಚೀಟಿ ಹಿಡಿದು ಒಂದು ಸಾಲಿನಲ್ಲಿಯೂ, ಔಷಧದ ಚೀಟಿ ಹಿಡಿದು ಇನ್ನೊಂದು ಸಾಲಿನಲ್ಲಿಯೂ ನಿಲ್ಲುವನು. ವೈದ್ಯರು ಸುತ್ತಿಗೆ ಬರುವುದು ಮಧ್ಯಾಹ್ನದ ಆಸುಪಾಸಿನಲ್ಲಿ; ಆ ಹೊತ್ತಿಗೆ ಹೊರಗೆ ಹೋದರೆ ಅವರು ಹೇಳುವ ಮಾತು ತಪ್ಪಿಹೋದೀತೆಂಬ ಭಯ. ಆದುದರಿಂದ ಒಂದು ಬನ್ನು, ಎರಡು ಲೋಟ ಚಹಾ, ಅಲ್ಲಿಗೆ ಊಟ ಮುಗಿಯಿತು. ರೋಗಿಯು ಮಂಚದ ಮೇಲೆ ನರಳುತ್ತಿರುವಾಗ ತನ್ನ ಹೊಟ್ಟೆಯನ್ನು ನೆನೆಯುವುದು ಸ್ವಾರ್ಥವೆಂಬ ಭಾವನೆಯೂ ಮನಸ್ಸಿನೊಳಗೆ ಇರುವುದುಂಟು.

ನಮ್ಮ ಪಕ್ಕದ ಕೋಣೆಯಲ್ಲಿ ಗದಗಿನ ಕಡೆಯ ರೈತರೊಬ್ಬರಿದ್ದರು; ಐವತ್ತು ದಾಟಿದ ವಯಸ್ಸು. ಚಿಕಿತ್ಸೆಯಾಗುತ್ತಿದ್ದುದು ಅವರ ಪತ್ನಿಗೆ. ಬರುವಾಗ ಬಿಳಿಯ ಬಟ್ಟೆಯ ಗಂಟಿನಲ್ಲಿ ಖಡಕ್ ರೊಟ್ಟಿಯನ್ನೂ, ಡಬ್ಬಿಯಲ್ಲಿ ಶೇಂಗಾ ಚಟ್ನಿಯನ್ನೂ ತಂದಿದ್ದರು. ಆ ಬುತ್ತಿಯನ್ನು ಕಟ್ಟಿದಾಕೆ ರೋಗಿಯೇ. ಹೊರಡುವ ಮುನ್ನ ಎರಡು ದಿವಸ ಕುಳಿತು ಗಂಡನಿಗಾಗಿ ರೊಟ್ಟಿ ಬಡಿದಿದ್ದರಂತೆ. ಎಂಟು ದಿನಗಳಲ್ಲಿ ಗಂಟು ಬರಿದಾಯಿತು. ಹನ್ನೆರಡನೆಯ ದಿನ ಮಧ್ಯಾಹ್ನ ಈ ಗೃಹಸ್ಥರು ಔಷಧದಂಗಡಿಯ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದರು. ನೋಡಿದ ವೈದ್ಯರು, ರೋಗವೇನೂ ಇಲ್ಲ, ಹೊಟ್ಟೆಯಲ್ಲಿ ಅನ್ನವಿಲ್ಲ ಎಂದರು. ಸಂಗತಿಯು ಹೇಗೋ ವಾರ್ಡಿನೊಳಗೆ ಮುಟ್ಟಿತು. ಅಂದು ಸಾಯಂಕಾಲ ಆ ತಾಯಿ ತಟ್ಟೆಯನ್ನು ಅತ್ತ ಸರಿಸಿ, "ನೀವು ಉಣ್ಣೂತನಕಾ ನಾನೂ ಉಣ್ಣಂಗಿಲ್ಲ" ಎಂದುಬಿಟ್ಟರು. ರೋಗಿಗಾಗಿ ತಾನು ಹಸಿದಿರುವುದು ಸೇವೆಯೆಂದು ತಿಳಿದಿದ್ದವರಿಗೆ, ಅದರಿಂದ ರೋಗಿಯ ಊಟವೇ ನಿಂತುಹೋಯಿತು!

ರಾತ್ರಿ ಅವರು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, "ಮಾಸ್ತರ್ರ, ಐವತ್ತು ವರ್ಷದಾಗ ಒಂದ ದಿನಾನೂ ಒಲಿ ಮುಂದ ಕುಂತಾಂವಲ್ರಿ ನಾ. ಈಗ ಕಲಿಯಾಕ ಬರ್ತದೇನ್ರಿ?" ಎಂದು ಕೇಳಿದರು. ಮಾರನೆಯ ದಿನವೇ ಪಾಠವಾಯಿತು. ಅವರಿಗೆ ಹೇಳಿದ್ದನ್ನೇ ಆ ಸಹೋದರಿಯವರ ಯಜಮಾನರಿಗೂ ಇಲ್ಲಿ ಹೇಳುವೆವು.

ಹೋಟೆಲುಗಳಿಲ್ಲವೆ ಎಂದು ಕೆಲವರು ಕೇಳುವರು. ಉಂಟು, ನಾವು ಅವುಗಳ ವಿರೋಧಿಗಳಲ್ಲ. 2017ನೆಯ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ಆರಂಭವಾದಾಗ ಮಧ್ಯಾಹ್ನದ ಊಟಕ್ಕೆ 10 ರೂಪಾಯಿಯನ್ನು ಗೊತ್ತುಮಾಡಿದ್ದರು. ಅಂತಹ ಕಡೆ ಉಣ್ಣುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಒಂದೆರಡು ದಿವಸಗಳ ಮಾತಾದರೆ ಅಡಿಗೆಯ ತಂಟೆಗೇ ಹೋಗಬೇಡಿರಿ. ಆದರೆ ತಿಂಗಳ ಲೆಕ್ಕ ಬೇರೆ. ಹಣದ ಮಾತನ್ನು ಬಿಟ್ಟರೂ, ಹೊರಗಿನ ಊಟದ ಎಣ್ಣೆ, ಉಪ್ಪು, ಖಾರಗಳು ದಿನವೂ ಒಂದೇ ಹದದಲ್ಲಿ ಒಳಗೆ ಹೋಗುತ್ತಿದ್ದರೆ ವಯಸ್ಸಾದವರ ಹೊಟ್ಟೆ ಎಷ್ಟು ದಿನ ತಾಳೀತು? ಸಂಸ್ಕೃತದಲ್ಲಿ ದಾರಿಗೆ ಒದಗುವ ಬುತ್ತಿಯನ್ನು ಪಾಥೇಯವೆಂದೂ, ದಾರಿ ತಪ್ಪದ ಆಹಾರವನ್ನು ಪಥ್ಯವೆಂದೂ ಕರೆಯುವರು. ಎರಡೂ ದಾರಿ ಎಂಬರ್ಥದ ಒಂದೇ ಶಬ್ದದಿಂದ ಹುಟ್ಟಿದವು. ಪಾಣಿನಿಯು ಪಾಥೇಯವನ್ನು ಸಾಧಿಸುವ ಸೂತ್ರದಲ್ಲಿಯೇ ಆತಿಥೇಯವನ್ನೂ ಸಾಧಿಸಿರುವನು. ಹೋದಲ್ಲಿ ಆತಿಥ್ಯ ದೊರೆಯದಿದ್ದರೆ ಬುತ್ತಿಯೇ ಗತಿಯೆಂದು ಆ ಮುನಿಯು ಮುಂದಾಗಿ ಯೋಚಿಸಿದ್ದಾನೆಂದು ಪಾಠಶಾಲೆಯಲ್ಲಿ ಹುಡುಗರನ್ನು ನಗಿಸುತ್ತಿದ್ದೆವು.

ಪರಸ್ಥಳದಲ್ಲಿ ಅಡಿಗೆಗೆ ಹೊರಟವರನ್ನು ಕೆಡಿಸುವುದು ಮನೆಯ ಊಟದ ನೆನಪು. ಅನ್ನವೂ ಬೇಕು, ಹುಳಿಯೂ ಬೇಕು, ಪಲ್ಯವೂ ಬೇಕೆಂದು ಮೊದಲನೆಯ ದಿನ ಉತ್ಸಾಹದಿಂದ ತೊಡಗುವರು. ಎರಡನೆಯ ದಿನ ತೊಳೆಯದ ಪಾತ್ರೆಗಳು ಮೂಲೆಯಲ್ಲಿ ಕೂರುವುವು. ಮೂರನೆಯ ದಿನ ಮತ್ತೆ ಬನ್ನು. ಬಿಡಾರದಲ್ಲಿ ಮನೆಯ ಊಟವನ್ನು ಮಾಡಹೋಗಕೂಡದು. ಒಂದು ಪಾತ್ರೆ, ಒಂದು ಸಲ ಬೇಯಿಸುವುದು, ಮೇಲಕ್ಕೆ ಊರಿನಿಂದ ತಂದ ಒಂದು ಪುಡಿ, ಅಂಗಡಿಯ ಮೊಸರು. ಇದಕ್ಕಿಂತ ಹೆಚ್ಚಾದದ್ದು ಒಬ್ಬಂಟಿಗನ ಕೈಯಲ್ಲಿ ತಿಂಗಳು ಪೂರ್ತಿ ನಡೆಯಲಾರದು.

ಪಾತ್ರೆಯ ವಿಚಾರದಲ್ಲಿ ನಮ್ಮ ಕಾಲದ ಬತ್ತಿ ಸ್ಟೌವಿಗಿಂತ ಈಗಿನವರು ಪುಣ್ಯವಂತರು. ಸುಮಾರು ಎರಡು ಲೀಟರು ಹಿಡಿಯುವ ವಿದ್ಯುತ್ತಿನ ಅನ್ನದ ಕುಕ್ಕರೊಂದಿದ್ದರೆ ಸಾಕು. ತಾನಾಗಿಯೇ ನಿಲ್ಲುವ ಈ ಬಗೆಯ ಕುಕ್ಕರನ್ನು ಜಪಾನಿನ ತೋಷಿಬಾ ಕಂಪೆನಿಯವರು 1955ರಲ್ಲಿ ಮಾರಾಟಕ್ಕೆ ತಂದರು. ಇದರ ಮರ್ಮ ಬಹಳ ಸರಳವಾದುದು: ಒಳಗೆ ನೀರು ಇರುವ ತನಕ ತಳದ ಶಾಖವು ನೀರಿನ ಕುದಿಮಟ್ಟವನ್ನು ಮೀರಲಾರದು, ನೀರನ್ನು ಅಕ್ಕಿ ಹೀರಿಕೊಂಡೊಡನೆ ಶಾಖ ಏರುವುದು, ಏರಿದೊಡನೆ ಗುಂಡಿ ತಾನೇ ಮೇಲಕ್ಕೆ ಹಾರುವುದು. ಸೀದುಹೋದೀತೆಂಬ ಅಂಜಿಕೆಯಿಂದ ಅಡಿಗೆಗೆ ಕೈಹಾಕದವರಿಗೆ ಇದಕ್ಕಿಂತ ಒಳ್ಳೆಯ ಗುರುವಿಲ್ಲ. 700 ವ್ಯಾಟಿನದಾದರೆ ಅರ್ಧ ಗಂಟೆಗೆ ಸುಮಾರು ಮೂರನೆಯ ಒಂದು ಯೂನಿಟ್ಟು ಕರೆಂಟು ಖರ್ಚಾಗುವುದು. ಕೋಣೆಯ ಮಾಲಿಕರನ್ನು ಮೊದಲೇ ಕೇಳಿ, ಅವರ ಒಪ್ಪಿಗೆಯನ್ನು ಪಡೆದೇ ಇದನ್ನಿಡತಕ್ಕದ್ದು. ಇಂಡಕ್ಷನ್ ಒಲೆಯನ್ನು ಕೊಂಡೊಯ್ಯುವವರು ಗೋಡೆಯ ಪ್ಲಗ್ಗನ್ನು ನೋಡಿಕೊಳ್ಳಲಿ. ಚಿಕ್ಕ ಪ್ಲಗ್ಗು 6 ಆಂಪಿಯರಿನದು. 230 ವೋಲ್ಟಿನ ಲೆಕ್ಕದಲ್ಲಿ 1400 ವ್ಯಾಟಿಗೆ ಅದರ ಶಕ್ತಿ ಮುಗಿಯಿತು. 2000 ವ್ಯಾಟಿನ ಒಲೆಯನ್ನು ಅದಕ್ಕೆ ಸಿಕ್ಕಿಸಿದರೆ ತಂತಿ ಕಾಯುವುದು. ಕೆಲವರು ನೀರು ಕಾಯಿಸುವ ಕೆಟಲಿನಲ್ಲಿಯೇ ಅಕ್ಕಿ ಬೇಯಿಸುವ ಸಾಹಸ ಮಾಡುವರು. ಗಂಜಿ ನೊರೆಯುಕ್ಕಿ ಗುಂಡಿಯೊಳಗಿಳಿದರೆ ಕೆಟಲೂ ಹೋಯಿತು, ಊಟವೂ ಹೋಯಿತು.

ಚಿಕ್ಕ ಗ್ಯಾಸ್ ಸಿಲಿಂಡರನ್ನು ಮುಚ್ಚಿದ ಕೋಣೆಯಲ್ಲಾಗಲಿ, ಪ್ರಯಾಣದಲ್ಲಾಗಲಿ ಇಟ್ಟುಕೊಳ್ಳಲೇಕೂಡದು. 2023ನೆಯ ಆಗಸ್ಟ್ 26ರಂದು ಮಧುರೆಯಲ್ಲಿ ನಿಂತಿದ್ದ ಯಾತ್ರಿಕರ ರೈಲುಗಾಡಿಯೊಂದರಲ್ಲಿ, ನಿಯಮಕ್ಕೆ ವಿರೋಧವಾಗಿ ಒಳಗೆ ತಂದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡುದನ್ನು ವಾಚಕರು ಓದಿರಬಹುದು.

ಇನ್ನು ಪಾಕ. ಅರ್ಧ ಲೋಟ ಅಕ್ಕಿ, ಕಾಲು ಲೋಟ ಹೆಸರುಬೇಳೆ, ಮೂರು ಲೋಟ ನೀರು. ಒಬ್ಬರಿಗೆ ಇದು ತೃಪ್ತಿಯಾದ ಊಟ. ಅಕ್ಕಿಬೇಳೆಗಳನ್ನು ಎರಡು ಸಲ ತೊಳೆದು, ನೀರು, ಉಪ್ಪು, ಚಿಟಿಕೆ ಅರಸಿನ, ಜಜ್ಜಿದ ಶುಂಠಿಯ ಚೂರು, ಒಂದು ಚಮಚ ತುಪ್ಪ ಇವಿಷ್ಟನ್ನೂ ಒಟ್ಟಿಗೇ ಹಾಕಿ ಗುಂಡಿಯನ್ನೊತ್ತುವುದು. ತುಪ್ಪವನ್ನು ಮೊದಲೇ ಹಾಕಲು ಕಾರಣವುಂಟು: ಬೇಳೆಯ ನೊರೆಯನ್ನು ಅದು ಅಡಗಿಸುವುದು, ಮುಚ್ಚಳದಿಂದ ಉಕ್ಕುವುದಿಲ್ಲ. ಸೋರೆ, ಹೀರೆ, ಸೀಮೆಬದನೆಗಳಲ್ಲಿ ಯಾವುದಾದರೊಂದನ್ನು ಹೆಚ್ಚಿ ಅದರಲ್ಲಿಯೇ ಸೇರಿಸಬಹುದು. ಸೊಪ್ಪಾದರೆ ಕೊನೆಯ ಹತ್ತು ನಿಮಿಷವಿರುವಾಗ. ಮುಕ್ಕಾಲು ಗಂಟೆಯೊಳಗೆ ಎಲ್ಲವೂ ಹದವಾಗಿ ಬೆಂದಿರುವುದು. ಮೆಣಸುಜೀರಿಗೆಯ ತರಿಯನ್ನು ಮೇಲೆ ಉದುರಿಸಿ ಕಲಸಿದರೆ ಪೊಂಗಲು. ಸಾರಿನ ಪುಡಿಯನ್ನು ಹಾಕಿ ನಿಂಬೆ ಹಿಂಡಿದರೆ ಬಿಸಿಬೇಳೆಯ ತಮ್ಮ. ಏನನ್ನೂ ಹಾಕದೆ ಉಪ್ಪಿನಕಾಯಿಯೊಡನೆ ಉಂಡರೆ ಜ್ವರ ಬಿಟ್ಟವರ ಪಥ್ಯ. ಒಂದೇ ಪಾತ್ರೆಯಿಂದ ವಾರದಲ್ಲಿ ನಾಲ್ಕು ದಿವಸ ನಾಲ್ಕು ರುಚಿ.

ತೊಗರಿಬೇಳೆ ಏಕಾಗದು ಎಂದು ಕೇಳಬಹುದು. ಒತ್ತಡವಿಲ್ಲದ ಈ ಕುಕ್ಕರಿನಲ್ಲಿ ತೊಗರಿ ಬೇಗನೆ ಕರಗದು. ಕೊಳವೆಬಾವಿಯ ಗಡಸು ನೀರಿನಲ್ಲಿ ಇನ್ನೂ ಹಟ ಮಾಡುವುದು. ಮೇಲಾಗಿ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ನೀರು 97 ಡಿಗ್ರಿಯಲ್ಲಿಯೇ ಕುದಿದುಬಿಡುವುದು. ಕರಾವಳಿಯಿಂದ ಬಂದವರು ತಮ್ಮೂರಿನ ಬೇಳೆ ಇಲ್ಲಿ ಬೇಯದೆಂದು ಹೇಳುವುದರಲ್ಲಿ ಸ್ವಲ್ಪ ಸತ್ಯವಿದೆ. ಹುಣಿಸೆ, ಟೊಮ್ಯಾಟೊ, ನಿಂಬೆ ಇವುಗಳನ್ನು ಬೇಳೆ ಬೇಯುವುದಕ್ಕೆ ಮುಂಚೆ ಹಾಕಕೂಡದು. ಹುಳಿ ಬಿದ್ದ ಬೇಳೆ ಮೆತ್ತಗಾಗದು. ಗೃಹಿಣಿಯರಿಗೆ ಇದು ಹುಟ್ಟಿನಿಂದಲೇ ಬಂದ ಜ್ಞಾನ. ಗಂಡಸರಿಗೆ ಹೇಳಿಯೇ ತಿಳಿಯಬೇಕು.

ಆದುದರಿಂದ ಬಿಡಾರದ ಅಡಿಗೆಯ ಬಹುಭಾಗವು ಹೊರಡುವ ಮುನ್ನ ಮನೆಯಲ್ಲಿಯೇ ಆಗತಕ್ಕದ್ದು. ಕಾಗದ ಬರೆದ ಸಹೋದರಿಯವರಿಗೆ ನಮ್ಮ ಸಲಹೆ ಇಷ್ಟು. ಎರಡೂವರೆ ಕಿಲೋ ಅಕ್ಕಿಗೆ, ಬಾಣಲೆಯಲ್ಲಿ ಘಮ್ಮೆನ್ನುವಂತೆ ಹುರಿದ ಒಂದೂಕಾಲು ಕಿಲೋ ಹೆಸರುಬೇಳೆಯನ್ನು ಆರಿಸಿ ಬೆರೆಸಿ ಒಂದೇ ಡಬ್ಬಿಯಲ್ಲಿ ತುಂಬಿರಿ. ಒಬ್ಬರಿಗೆ ಮೂವತ್ತು ದಿವಸಗಳ ಮಧ್ಯಾಹ್ನಕ್ಕೆ ಅಷ್ಟಾಗುವುದು. ನಿಮ್ಮ ಯಜಮಾನರು ಮುಕ್ಕಾಲು ಲೋಟ ಅಳೆದರೆ ಮುಗಿಯಿತು. ಲೋಟವನ್ನೂ ಮನೆಯಿಂದಲೇ ಕೊಡಿರಿ. ಹೊಸ ಲೋಟದ ಅಳತೆಯಲ್ಲಿ ಹೊಸಬರ ಕೈ ತಪ್ಪುವುದು. ಮೆಣಸುಜೀರಿಗೆಗಳನ್ನು ಹುರಿದು ತರಿತರಿಯಾಗಿ ಕುಟ್ಟಿ ಸಣ್ಣ ಸೀಸೆಯಲ್ಲಿಡಿರಿ. ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ, ಕರಿಬೇವು ಇವುಗಳ ಒಗ್ಗರಣೆಯನ್ನು ಗರಿಗರಿಯಾಗುವ ತನಕ ಎಣ್ಣೆಯಲ್ಲಿ ಹುರಿದು, ತಣ್ಣಗಾದ ಮೇಲೆ ಇನ್ನೊಂದು ಸೀಸೆಯಲ್ಲಿ ತುಂಬಿರಿ. ಒದ್ದೆ ಚಮಚ ತಾಗದಿದ್ದರೆ ಅದು ಕೆಡದು. ಹಳೆಯ ಮೈಸೂರಿನವರ ಮೆಂತ್ಯದ ಹಿಟ್ಟು, ಚಟ್ನಿಪುಡಿ, ಪುಳಿಯೋಗರೆಯ ಗೊಜ್ಜು, ಉತ್ತರದವರ ಶೇಂಗಾ ಚಟ್ನಿ, ಅಗಸೆ ಚಟ್ನಿ ಇವುಗಳಲ್ಲಿ ಎರಡನ್ನು ಆರಿಸಿಕೊಳ್ಳಿರಿ. ಏಳೆಂಟು ಬಗೆಯನ್ನು ಕಟ್ಟಿಕೊಡಬೇಡಿರಿ. ಪ್ರೀತಿಯಿಂದ ಕಟ್ಟಿದ ಡಬ್ಬಿಗಳು ತೆರೆಯದೆ ಹಾಗೆಯೇ ಹಿಂದಿರುಗಿ ಬರುವುದನ್ನು ನಾವು ಬಲ್ಲೆವು.

ಕುಕ್ಕರನ್ನು ಹಚ್ಚಲೂ ಬಿಡುವಿಲ್ಲದ ದಿನಗಳುಂಟು. ಅಂದಿಗೆ ಗೊಜ್ಜವಲಕ್ಕಿ. ದಪ್ಪ ಅವಲಕ್ಕಿಯನ್ನು ಊರಿನಲ್ಲಿಯೇ ರವೆಯಂತೆ ಮಾಡಿಸಿ ತಂದಿದ್ದರೆ, ಹುಣಿಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಕಲಸಿದ ನೀರನ್ನು ಅದು ಹಿಡಿಯುವಷ್ಟು ಹಾಕಿ ಕಾಲು ಗಂಟೆ ಮುಚ್ಚಿಟ್ಟು, ಸೀಸೆಯ ಒಗ್ಗರಣೆಯನ್ನು ಒಂದು ಚಮಚ ಬೆರೆಸುವುದು. ಬೆಂಕಿಯ ಮಾತೇ ಇಲ್ಲ. ರಾಗಿಯ ಹುರಿಹಿಟ್ಟನ್ನು ಮೊಸರು ಬೆಲ್ಲಗಳೊಡನೆ ಕಲಸಿಕೊಂಡರೆ ಅದೂ ಊಟವೇ.

ಆಸ್ಪತ್ರೆಯು ದೂರವಿದ್ದು, ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಹೋಗುವವರಿಗೆ ಮೊಸರನ್ನಕ್ಕೆ ಸಮನಾದುದಿಲ್ಲ. ಆದರೆ ಅದಕ್ಕೊಂದು ಉಪಾಯವುಂಟು. ಬೆಳಿಗ್ಗೆ ಮೊಸರನ್ನೇ ಪೂರ್ತಿ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯಾಗುವುದು. ಬಿಸಿ ಅನ್ನವನ್ನು ಮೆತ್ತಗೆ ಹಿಸುಕಿ, ಕಾಯಿಸಿದ ಹಾಲನ್ನು ಧಾರಾಳವಾಗಿ ಹಾಕಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಮೊಸರನ್ನು ಮಾತ್ರ ಬೆರೆಸಿ ಮುಚ್ಚಬೇಕು. ಊಟದ ವೇಳೆಗೆ ಅದು ಡಬ್ಬಿಯಲ್ಲಿಯೇ ಹೆಪ್ಪುಗಟ್ಟಿ ಸಿಹಿಯಾಗಿರುವುದು. ಪೊಂಗಲನ್ನು ಒಯ್ಯುವುದಾದರೆ ಶಾಖ ಹಿಡಿಯುವ ಸ್ಟೀಲಿನ ಡಬ್ಬಿಯನ್ನು ಕುದಿಯುವ ನೀರಿನಿಂದ ಒಮ್ಮೆ ತೊಳೆದು, ಕುದಿಕುದಿಯಾಗಿ ತುಂಬಬೇಕು.

ರಾತ್ರಿಯ ಅನ್ನವನ್ನು ತಂಪುಪೆಟ್ಟಿಗೆಯಿಲ್ಲದ ಕೋಣೆಯಲ್ಲಿಟ್ಟು ಮಾರನೆಯ ಮಧ್ಯಾಹ್ನ ಬಿಸಿಮಾಡಿ ಉಣ್ಣುವವರಿರುವರು. ಇದು ಅಪಾಯ. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜವು ಬೇಯಿಸಿದರೂ ಸಾಯದೆ, ಅನ್ನ ಬೆಚ್ಚಗೆ ಕುಳಿತಿರುವಾಗ ಬೆಳೆದು ವಿಷವನ್ನುಂಟುಮಾಡುವುದು. ಮತ್ತೆ ಕಾಯಿಸಿದರೂ ಆ ವಿಷ ಹೋಗದು. ಅಂದಂದಿನದನ್ನು ಅಂದಂದಿಗೆ, ಒಂದೆರಡು ಗಂಟೆಯೊಳಗೆ ಉಂಡು ಮುಗಿಸಬೇಕು. ಅದಕ್ಕಾಗಿಯೇ ಅಳತೆಯನ್ನು ಅಷ್ಟು ಬಿಗಿಯಾಗಿ ಹೇಳಿದೆವು.

ಗಂಡಸಿಗೆ ಅಡಿಗೆಯ ಪಾಠವೇ ಎಂದು ಹುಬ್ಬೇರಿಸುವ ಹಿರಿಯರು ಈಗಲೂ ಇಲ್ಲದಿಲ್ಲ. ನಳಮಹಾರಾಜನು ರಾಜ್ಯ ಕಳೆದುಕೊಂಡು ಬಾಹುಕನೆಂಬ ಹೆಸರಿನಿಂದ ಪರರ ಆಶ್ರಯದಲ್ಲಿದ್ದಾಗ, ದಮಯಂತಿಗೆ ಅವನ ಗುರುತು ಹಿಡಿಯಲು ನೆರವಾದದ್ದು ಅವನ ಕೈಯಡಿಗೆಯ ರುಚಿ. ಭೀಮಸೇನನು ವಿರಾಟನ ಅರಮನೆಯಲ್ಲಿ ಒಂದು ವರ್ಷ ಸೌಟು ಹಿಡಿದನು. ಇಬ್ಬರೂ ಮನೆ ಬಿಟ್ಟಿದ್ದಾಗಲೇ ಈ ವಿದ್ಯೆ ಅವರನ್ನು ಕಾಪಾಡಿತೆಂಬುದನ್ನು ಗಮನಿಸಬೇಕು. ಮಗನನ್ನು ಓದಿಗೆಂದು ಪರ ಊರಿಗೆ ಕಳುಹಿಸುವ ತಂದೆತಾಯಿಗಳು ಪೆಟ್ಟಿಗೆಯಲ್ಲಿ ಹೊಸ ಬಟ್ಟೆಗಳನ್ನು ತುಂಬುವುದಕ್ಕೆ ಮುಂಚೆ ನಾಲ್ಕು ಭಾನುವಾರ ಅವನ ಕೈಯಲ್ಲಿ ಈ ಒಂದು ಪಾತ್ರೆಯನ್ನು ಇಳಿಸಲಿ. ಮಗಳಿಗೆ ಮಾತ್ರ ಕಲಿಸಿ ಮಗನನ್ನು ಹಾಗೆಯೇ ಬಿಡುವುದು ಮಗನಿಗೆ ಮಾಡುವ ಅನ್ಯಾಯವೆಂದು ನಮ್ಮ ಎಣಿಕೆ. ಮಗಳಿಗೆ ಅದರಿಂದಾಗುವ ಅನ್ಯಾಯವನ್ನು ಇನ್ನೊಮ್ಮೆ ಬರೆಯುವೆವು.

ಗದಗಿನ ಆ ಗೃಹಸ್ಥರು ಎರಡನೆಯ ದಿನ ನೀರು ಕಡಿಮೆ ಹಾಕಿ ಗಟ್ಟಿ ಮಾಡಿಕೊಂಡರು, ನಾಲ್ಕನೆಯ ದಿನ ಉಪ್ಪು ಮರೆತರು. ಆರನೆಯ ದಿನದಿಂದ ನಮ್ಮನ್ನು ಕೇಳುವುದನ್ನೇ ಬಿಟ್ಟರು. ದಿನವೂ ಮಧ್ಯಾಹ್ನ ಉಂಡು ಹೋಗಿ, ಇಂದು ಏನನ್ನು ಹಾಕಿದ್ದೆನೆಂಬುದನ್ನು ಪತ್ನಿಗೆ ವರದಿ ಒಪ್ಪಿಸುತ್ತಿದ್ದರಂತೆ. ಆಕೆ ಮಲಗಿದಲ್ಲಿಂದಲೇ ತಿದ್ದುತ್ತಿದ್ದರಂತೆ. ನಮಗಿಂತ ನಾಲ್ಕು ದಿನ ಮೊದಲೇ ಅವರಿಬ್ಬರೂ ಊರಿಗೆ ಹೊರಟರು. ಆಕೆ ಇನ್ನು ಮೂರು ತಿಂಗಳು ಭಾರವಾದದ್ದನ್ನು ಎತ್ತಕೂಡದೆಂದೂ, ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಕೂಡದೆಂದೂ ವೈದ್ಯರು ಹೇಳಿದ್ದರು. ಗಂಟುಮೂಟೆ ಕಟ್ಟಿ ಬೀಳ್ಕೊಳ್ಳಲು ಬಂದವರು ಸ್ವಲ್ಪ ಸಂಕೋಚದಿಂದ, "ಮಾಸ್ತರ್ರ, ಇಬ್ಬರಿಗಾದ್ರ ನೀರು ಎಷ್ಟ ಹಾಕಬೇಕ್ರಿ? ಆರು ಲೋಟಾನs ಏನ್ರಿ?" ಎಂದು ಕೇಳಿದರು. ಅಕ್ಕಿಬೇಳೆಗಳನ್ನು ಇಮ್ಮಡಿಸಿದಾಗ ನೀರನ್ನು ಪೂರ್ತಿ ಇಮ್ಮಡಿಸಬೇಕಾಗಿಲ್ಲ. ಒಂದು ಲೋಟ ಅಕ್ಕಿಗೂ ಅರ್ಧ ಲೋಟ ಬೇಳೆಗೂ ಐದೂವರೆ ಲೋಟ ಸಾಕೆಂದು ಹೇಳಿ, ಮರೆಯದಿರಲೆಂದು ಔಷಧದ ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟೆವು.